ಉಚ್ಚಂಗಪ್ಪ ಮೇಸ್ತ್ರಿ ಕಮಾನು ಸೇರಿಸಿದ ಸೋಮವಾರ

"ಮದುವಿ ಆದಾಗಿಂದ ನಮ್ಮನೆಯವ್ರು ಆಡಿದ ಮಾತೆಲ್ಲ ಅಳದ್ರೂ ಒಂದು ಚಟಾಕು ತುಂಬಂಗಿಲ್ಲ" ಎಂದು ಬಂಗಾರಮ್ಮ ಗಂಡನ ಎದುರಿಗೇ ಹೇಳುತ್ತಿದ್ದಳು. ಗಂಡ ಉಚ್ಚಂಗಪ್ಪ ಅದಕ್ಕೂ ಏನೂ ಅನ್ನುತ್ತಿರಲಿಲ್ಲ. ಮೀಸೆಯ ತುದಿಯಲ್ಲಿ ಸ್ವಲ್ಪ ನಕ್ಕು, ಉಳಿಯ ಮೊನೆ ನೋಡಿಕೊಳ್ಳುತ್ತ ಕೂರುತ್ತಿದ್ದ.

ಅವನು ಬಳ್ಳಿಗಾವಿ ಕಡೆಯ ಕಲ್ಲುಗೆಲಸದವನು. ಎತ್ತರದ ಆಳು, ಕೈ ಉದ್ದ, ಅಂಗೈ ಸುಣ್ಣ ತಿಂದು ಒರಟು. ಕೆಟ್ಟವನಲ್ಲ, ಸಿಡುಕನೂ ಅಲ್ಲ. ಮುಂದೆ ಮಾಡುವುದನ್ನು ಮೊದಲೇ ಹೇಳುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ. ಶಿರಾಳಕೊಪ್ಪದ ಸಂತೆಗೆ ಹೋಗುವುದಿದ್ದರೂ ಹಿಂದಿನ ದಿನ ಬಾಯಿ ಬಿಡುವವನಲ್ಲ. ಬೆಳಿಗ್ಗೆ ರುಮಾಲು ಸುತ್ತಿ, ಚೀಲ ಹೆಗಲಿಗೆ ಹಾಕಿ ಹೊಸಿಲು ದಾಟಿದ ಮೇಲೆಯೇ ಹೆಂಡತಿಗೆ ತಿಳಿಯಬೇಕು. ಆಗ ಅವಳು ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಬೀದಿಯ ತುದಿಯವರೆಗೆ ಓಡಿ, "ಉಪ್ಪು ರೀ! ಉಪ್ಪು ಮರೀಬ್ಯಾಡ್ರಿ! ಮೆಣಸಿನಕಾಯಿ!" ಎಂದು ಕೂಗಬೇಕು. ಬೀದಿಯ ಹೆಂಗಸರಿಗೆ ಅದೊಂದು ತಮಾಷೆ. ಬಂಗಾರಮ್ಮ ಓಡಿದಳೆಂದರೆ ಇವತ್ತು ಸಂತೆ ಎಂದು ಅವರೂ ಚೀಲ ಹುಡುಕುತ್ತಿದ್ದರು.

ಅವನು ಹಾಗಾದದ್ದು ಅಪ್ಪನಿಂದ. ಅಪ್ಪನೂ ಕಲ್ಲುಗೆಲಸದವನೇ. ಬಾವಿ ಕಟ್ಟುವುದು, ಗುಡಿಯ ಗೋಡೆ ನೆಟ್ಟಗೆ ಮಾಡುವುದು, ಕೆರೆಯ ಮೆಟ್ಟಿಲು ಕೂರಿಸುವುದು ಎಲ್ಲದರಲ್ಲೂ ಹೆಸರು ಮಾಡಿದ್ದ. ಉಚ್ಚಂಗಪ್ಪನಿಗೆ ಇನ್ನೂ ಮೀಸೆ ಮೂಡುವ ಹೊತ್ತು. ಒಂದೂರಿನ ಬಾವಿಯ ಬಾಯಿಗೆ ಅಪ್ಪ ಕಲ್ಲಿನ ಕಮಾನು ಎಬ್ಬಿಸುತ್ತಿದ್ದ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಮುಂದೆ ಎದೆ ಉಬ್ಬಿಸಿ, "ನಾಳಿ ಹೊತ್ತು ಮುಳುಗೋದ್ರೊಳಗ ಸೇರಿಸಿಬಿಡ್ತೀನಿ, ಕಾಯಿ ತಂದಿಟ್ಕಳ್ರಿ" ಅಂದ. ಮರುದಿನ ನೆತ್ತಿಯ ನಡುಗಲ್ಲು ಕೂರಿಸುವ ಮೊದಲೇ ಒಂದು ಬದಿ ಜಾರಿ, ಕಲ್ಲೆಲ್ಲ ಬಾವಿಯೊಳಗೆ ಬಿದ್ದವು. ಅಪ್ಪನ ಬಲಗೈ ಮಣಿಕಟ್ಟು ಎರಡು ಕಲ್ಲಿನ ನಡುವೆ ಸಿಕ್ಕಿತು. ಕಲ್ಲು ಸರಿಸಿ ಅಪ್ಪನನ್ನು ಎಳೆದು ತಂದವನು ಉಚ್ಚಂಗಪ್ಪನೇ.

ಆ ಕೈ ಮತ್ತೆ ಕರಣೆ ಹಿಡಿಯಲಿಲ್ಲ. ಅಪ್ಪ ಅದನ್ನು ಗಾರೆಯ ತಪ್ಪು ಅನ್ನಲಿಲ್ಲ, ಕಲ್ಲಿನ ತಪ್ಪೂ ಅನ್ನಲಿಲ್ಲ. ಬಾಯಿಂದ ಮೊದಲೇ ಹೊರಬಿದ್ದದ್ದಕ್ಕೆ ಜನರ ಕಣ್ಣು ತಾಗಿತು ಅಂದ. "ಕಲ್ಲು ಕೂರೋ ತನಕ ಬಾಯಾಗ ಬರಬಾರದು ಮಗಾ." ಆಮೇಲೆ ಎಡಗೈಯಲ್ಲಿ ತೋರಿಸಿ ತೋರಿಸಿ ಮಗನಿಗೆ ಕೆಲಸ ಕಲಿಸಿದ. ಇಲ್ಲಿ ಹೊಡಿ, ಅಲ್ಲಿ ಬಿಡು, ಅದು ಬೇಡ ಎಂಬುದೆಲ್ಲ ಗದ್ದ ಎತ್ತುವುದರಲ್ಲಿ, ಬೆರಳು ಮಡಚುವುದರಲ್ಲಿ ನಡೆಯುತ್ತಿತ್ತು. ನೋಡಿ ಕಲಿತವನಿಗೆ ಹೇಳಿಕೊಡುವುದು ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಮಾತು ಅವನಿಗೆ ವ್ರತದಂತಾಯಿತು.

ಹೀಗೆ ಎಷ್ಟೋ ಗೋಡೆ, ಎಷ್ಟೋ ಕೊಟ್ಟಿಗೆ ಕಟ್ಟಿದ. ಕಮಾನು ಮಾತ್ರ ಕೈಗೆ ಬರಲಿಲ್ಲ. ಬೇರೆ ಮೇಸ್ತ್ರಿಗಳ ಕೈಕೆಳಗೆ ಕಮಾನಿಗೆ ಕಲ್ಲು ಕೆತ್ತಿಕೊಟ್ಟಿದ್ದ, ಅಷ್ಟೇ. ತಾನೇ ಮುಂದೆ ನಿಂತು ಒಂದು ಕಮಾನು ಸೇರಿಸಬೇಕು, ಅಪ್ಪನ ಕೈಯಲ್ಲಿ ಬಿದ್ದದ್ದು ತನ್ನ ಕೈಯಲ್ಲಿ ನಿಲ್ಲಬೇಕು ಎಂಬುದೊಂದು ಅವನೊಳಗೆ ಕೂತಿತ್ತು. ಅದನ್ನೂ ಯಾರ ಹತ್ತಿರವೂ ಹೇಳಿರಲಿಲ್ಲ. ಬಂಗಾರಮ್ಮನಿಗೆ ಗೊತ್ತಿತ್ತು. ಗುಡಿಯಾಗಲಿ ಹಳೇ ಕೋಟೆ ಬಾಗಿಲಾಗಲಿ, ಕಮಾನಿನ ಕೆಳಗೆ ಹೋಗುವಾಗ ಅವನು ತಲೆಯೆತ್ತಿ ನಿಂತುಬಿಡುತ್ತಿದ್ದ. ಅವಳು ಮುಂದೆ ಹೋಗಿ ತಿರುಗಿ ನೋಡಿ ಕಾಯುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಆ ಕೆಲಸ ಬಂತು. ಶಿಕಾರಿಪುರದ ಕಡೆಗೂ ಸೊರಬದ ಕಡೆಗೂ ನಡುವೆ ಎಮ್ಮೆಹಳ್ಳ ಎಂಬ ಹಳ್ಳವಿತ್ತು. ಬೇಸಿಗೆಯಲ್ಲಿ ಎಮ್ಮೆ ಮಲಗುವಷ್ಟು ನೀರು. ಮಳೆ ಹಿಡಿಯಿತೆಂದರೆ ಗಾಡಿಯನ್ನೂ ಎತ್ತನ್ನೂ ಒಟ್ಟಿಗೆ ಎಳೆದುಕೊಂಡು ಹೋಗುವ ಹಳ್ಳ. ಅದಕ್ಕೊಂದು ಸೇತುವೆ ಮಂಜೂರಾಯಿತು. ಸಿಮೆಂಟು ಆಗ ದೊಡ್ಡ ದೊಡ್ಡ ಕೆಲಸಗಳಿಗೆ ಮಾತ್ರ ಸಿಗುತ್ತಿತ್ತು, ಇಂಥ ಹಳ್ಳಕ್ಕೆ ಕಲ್ಲು, ಗಾರೆಯೇ ಗತಿ. ಓವರ್ಸಿಯರ್ ಮೈಸೂರು ಪಟ್ಟಣದಲ್ಲಿ ಹುಟ್ಟಿ ಬೆಳೆದ ಹುಡುಗುಮುಖದವರು, ಸೈಕಲ್ ಮೇಲೆ ಓಡಾಡುವವರು, ಯಾರನ್ನೂ ಏಕವಚನದಲ್ಲಿ ಕರೆಯದವರು. ಉಚ್ಚಂಗಪ್ಪ ಕಟ್ಟಿದ ಒಂದು ಶಾಲೆಯ ಗೋಡೆ ನೋಡಿ, ಕಮಾನಿನ ಮೇಸ್ತ್ರಿ ಇವರೇ ಆಗಲಿ ಅಂದರು.

ಕಮಾನು ಎರಡೂ ದಡದಿಂದ ಏರಬೇಕು. ಮೂಡಣ ದಡಕ್ಕೆ ಉಚ್ಚಂಗಪ್ಪನ ಜನ. ಪಡುವಣ ದಡಕ್ಕೆ ಕುಪ್ಪಗಡ್ಡೆಯ ಲೋಕಪ್ಪನ ಜನ. ಲೋಕಪ್ಪನೂ ಒಳ್ಳೆಯ ಕೆಲಸಗಾರನೇ, ಆದರೆ ಉಚ್ಚಂಗಪ್ಪನಿಗೆ ತದ್ವಿರುದ್ಧ. ಕಲ್ಲಿನ ಜೊತೆಗೂ ಮಾತಾಡುತ್ತಿದ್ದ, ಕರಣೆಯ ಜೊತೆಗೂ ಮಾತಾಡುತ್ತಿದ್ದ. ನಡುವೆ ಹಳ್ಳದೊಳಗೆ ಮರದ ಕಂಬಗಳನ್ನು ನಿಲ್ಲಿಸಿ, ಮೇಲೆ ಹಲಗೆ ಬಗ್ಗಿಸಿ, ಕಮಾನಿನ ಆಕಾರದ ಆಸರೆ ಕಟ್ಟಿದ್ದರು. ಅದಕ್ಕೆ ಅಚ್ಚು ಅನ್ನುತ್ತಿದ್ದರು. ಎರಡು ಕಡೆಯ ಕಲ್ಲೂ ಆ ಅಚ್ಚಿನ ಮೇಲೆ ಒರಗಿಕೊಂಡೇ ಏರಬೇಕು. ನೆತ್ತಿಯಲ್ಲಿ ನಡುಗಲ್ಲು ಕೂತ ಮೇಲೆ ಕಲ್ಲಿಗೆ ಕಲ್ಲೇ ಆಸರೆ. ಅದಕ್ಕೆ ಮೊದಲು ಅಚ್ಚು ಹೋದರೆ ಎಲ್ಲವೂ ಹೋದ ಹಾಗೆ.

ಗಾರೆ ಅರೆಯುವ ಗಾಣ ಮೂಡಣ ದಡದಲ್ಲಿತ್ತು. ದುಂಡಗಿನ ಕಲ್ಲಿನ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಚಕ್ರ, ಚಕ್ರಕ್ಕೆ ಉದ್ದನೆಯ ಮರ, ಮರಕ್ಕೆ ಜೋಡೆತ್ತು. ಸುಣ್ಣ, ಮರಳು, ಇಟ್ಟಿಗೆ ಪುಡಿ ಹಾಕಿ ಸುತ್ತಿಸಿ ಸುತ್ತಿಸಿ ಬೆಣ್ಣೆ ಮಾಡಬೇಕು. ಎತ್ತು ಪರಮಶಿವಪ್ಪನವು. ಹಣೆ ತುಂಬ ವಿಭೂತಿಯ ಗಟ್ಟಿ ಮುದುಕ. ಸೋಮವಾರ ಮಾತ್ರ ಎತ್ತಿನ ಹೆಗಲಿಗೆ ಏನನ್ನೂ ಇಡುತ್ತಿರಲಿಲ್ಲ. ಸೋಮವಾರ ಬಸವಣ್ಣನ ವಾರ. ಆ ಸೀಮೆಯಲ್ಲಿ ಅದು ಎಲ್ಲರಿಗೂ ಗೊತ್ತು. ಸೋಮವಾರ ಮೇಸ್ತ್ರಿಗಳು ಕಲ್ಲು ಕೆತ್ತಿಕೊಳ್ಳುತ್ತಿದ್ದರು, ಗಾರೆಯ ಕೆಲಸ ಮಂಗಳವಾರಕ್ಕೆ.

ಇಬ್ಬರು ಮೇಸ್ತ್ರಿಗಳ ಕೆಲಸ ಚೆನ್ನಾಗಿಯೇ ನಡೆಯಿತು. ಉಚ್ಚಂಗಪ್ಪ ಒಂದು ಕಲ್ಲು ಕೂರಿಸಿ ಆ ದಡದ ಕಡೆ ಕತ್ತು ಎತ್ತಿದರೆ ಲೋಕಪ್ಪ ಒಂದು ಕಲ್ಲು ಕೂರಿಸುತ್ತಿದ್ದ. "ನಮ್ಮ ಉಚ್ಚಂಗಣ್ಣಂದು ಕೊಕ್ಕರೆ ಭಾಷೆ ಮಾರಾಯ. ಕತ್ತು ಒಂದು ಸಲ ಎತ್ತಿದ್ರೆ ಕಲ್ಲು, ಎರಡು ಸಲ ಎತ್ತಿದ್ರೆ ಊಟ" ಎಂದು ಅವನು ತನ್ನ ಜನರನ್ನು ನಗಿಸುತ್ತಿದ್ದ. ಕಣ್ಣೆದುರಿಗಿನ ಕೆಲಸಕ್ಕೆ ಕೊಕ್ಕರೆ ಭಾಷೆ ಸಾಕಾಗುತ್ತಿತ್ತು.

ಕಮಾನು ಎರಡೂ ಕಡೆಯಿಂದ ಕೈ ಚಾಚಿಕೊಂಡು ಬಂದು ನೆತ್ತಿಯ ಹತ್ತಿರ ಸ್ವಲ್ಪವೇ ಬಯಲು ಉಳಿದಿತ್ತು. ಆ ಭಾನುವಾರ ಗಾಳಿ ತಿರುಗಿತು. ಪಡುವಣದಲ್ಲಿ, ಸೊರಬದ ಕಾಡಿನ ನೆತ್ತಿಯ ಮೇಲೆ, ಮೋಡ ಕಪ್ಪಗೆ ಕೂತಿತು. ಉಚ್ಚಂಗಪ್ಪ ಬಹಳ ಹೊತ್ತು ಅದನ್ನು ನೋಡಿದ. ಮಂಗಳವಾರ ಸೇರಿಸಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದವನು, ಬೇಡ, ನಾಳೆಯೇ ಸೇರಿಸಬೇಕು ಎಂದು ಗಟ್ಟಿ ಮಾಡಿಕೊಂಡ. ಇವತ್ತು ಸಂಜೆಯೇ ಗಾರೆ ಅರೆದು ಒದ್ದೆ ಗೋಣಿ ಮುಚ್ಚಿಟ್ಟರೆ ನಾಳೆ ಮಧ್ಯಾಹ್ನದವರೆಗೆ ನಡೆಯುತ್ತದೆ, ಎತ್ತು ಬೇಕಾಗುವುದಿಲ್ಲ ಎಂದೂ ಲೆಕ್ಕ ಹಾಕಿದ. ಎಲ್ಲವೂ ತಲೆಯೊಳಗೇ.

ಮಧ್ಯಾಹ್ನ ಪರಮಶಿವಪ್ಪ ಬಂದು, "ನಾಳೀ ಕೆಲ್ಸ ಏನ್ ಮೇಸ್ತ್ರೀ?" ಅಂದ.

ಉಚ್ಚಂಗಪ್ಪ ಪಕ್ಕದಲ್ಲಿ ಕೆತ್ತಿಟ್ಟ ನಡುಗಲ್ಲಿನ ಮೇಲೆ ಕೈಯಿಟ್ಟು, ಗದ್ದವನ್ನು ಕಮಾನಿನ ಕಡೆ ಎತ್ತಿದ. ಪರಮಶಿವಪ್ಪ "ಸರಿ ಸರಿ" ಎಂದು ಹೋದ.

ಆಮೇಲೆ ಲೋಕಪ್ಪ ಆ ದಡದಿಂದ ಕೂಗಿದ. "ಉಚ್ಚಂಗಣ್ಣಾ, ನಮ್ಮೂರಲ್ಲಿ ಮದುವೆ ಐತೆ. ನಾಳೆ ಎಷ್ಟು ಜನ ಬೇಕು?"

"ನೋಡಾನ" ಅಂದ ಉಚ್ಚಂಗಪ್ಪ.

ಸಂಜೆಯ ಮುಂದೆ ಓವರ್ಸಿಯರ್ ಬಂದು ಮೋಡ ನೋಡಿ ಗಾಬರಿಯಾಗಿ, "ಮೇಸ್ತ್ರಿಗಳೇ, ನಾಳೆಯೇ ಮುಗಿಸಿಬಿಡಬಹುದಲ್ವಾ?" ಎಂದು ಕೇಳಿದರು. ಉಚ್ಚಂಗಪ್ಪ ತಲೆ ತಗ್ಗಿಸಿ ಮೀಸೆಯಲ್ಲಿ ನಕ್ಕ. ಅವರು ಸಮಾಧಾನದ ಉಸಿರು ಬಿಟ್ಟು ಸೈಕಲ್ ಹತ್ತಿದರು.

ಎಲ್ಲರಿಗೂ ತಿಳಿಸಿದಂತಾಯಿತು ಎಂದುಕೊಂಡು ಉಚ್ಚಂಗಪ್ಪ ಗಾಣದ ಕಡೆ ತಿರುಗಿಯೂ ನೋಡದೆ, ದಡದ ಮೇಲೆ ಬಂಗಾರಮ್ಮನ ಜೊತೆ ಹಾಕಿಕೊಂಡಿದ್ದ ಗುಡಿಸಿಲಿಗೆ ಹೋಗಿ ಆ ರಾತ್ರಿ ನಿದ್ದೆ ಮಾಡಿದ.

ಸೋಮವಾರ ಬೆಳಿಗ್ಗೆ ಗುಡಿಸಿಲಿನಿಂದ ಹೊರಬಂದು ಮುಖ ತೊಳೆದು ಗಾಣದ ಹತ್ತಿರ ಹೋದ. ಗೋಣಿ ಇರಲಿಲ್ಲ, ಗಾರೆ ಇರಲಿಲ್ಲ. ಕಲ್ಲಿನ ಕಾಲುವೆ ತೊಳೆದಿಟ್ಟ ತಟ್ಟೆಯಂತಿತ್ತು. ಅದರಲ್ಲಿ ಒಂದು ಹಲಸಿನ ಎಲೆ ಬಿದ್ದಿತ್ತು. ಉಚ್ಚಂಗಪ್ಪ ಬಗ್ಗಿ ಆ ಎಲೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. "ನಿನ್ನಿ ಅರದು ಇಡಬೇಕಿತ್ತು" ಎಂದು ಹಿಂದೆ ಬಂದ ಬಂಗಾರಮ್ಮನಿಗೆ ಗೊಣಗಿದ.

ಪರಮಶಿವಪ್ಪ ಸ್ವಲ್ಪ ಕೆಳಗೆ ಹಳ್ಳದ ಮಡುವಿನಲ್ಲಿ ಎತ್ತು ತಿಕ್ಕುತ್ತಿದ್ದ. ಗಂಡನ ಮುಂದಿನ ಮಾತಿಗೆ ಕಾಯದೆ ಬಂಗಾರಮ್ಮನೇ ಕೂಗಿದಳು.

"ಪರಮಶಿವಣ್ಣಾ, ಗಾರಿ ಎಲ್ಲಿ?"

"ಯಾವ ಗಾರಿ ತಂಗೀ? ಇವತ್ತು ಸೋಮಾರ."

"ಸೋಮಾರ ಅಂತ ನನಗೂ ಗೊತ್ತೈತಿ. ನಿನ್ನಿ ಅರದು ಇಡಬೇಕಿತ್ತಂತಲ್ಲ."

"ಯಾರ್ ಹೇಳಿದ್ರು?"

ಬಂಗಾರಮ್ಮ ಗಂಡನ ಕಡೆ ನೋಡಿದಳು. ಉಚ್ಚಂಗಪ್ಪ ಮೆಲ್ಲಗೆ, "ನಡುಗಲ್ಲು ಮುಟ್ಟಿ ತೋರಿಸಿದ್ನಲ್ಲ" ಅಂದ.

"ಮುಟ್ಟಿದ್ರಿ, ಇಲ್ಲ ಅನ್ನಂಗಿಲ್ಲ" ಎಂದು ಪರಮಶಿವಪ್ಪ ಎತ್ತು ಹಿಡಿದುಕೊಂಡು ಮೇಲೆ ಬಂದ. "ಕಲ್ಲು ಮುಟ್ಟಿದ್ರಿ, ಸೋಮಾರ ಕಲ್ಲು ಕೆತ್ತಾದು ಇದ್ದದ್ದೇ ಐತಲ್ಲ ಅಂದ್ಕಂಡೆ. ಹೋದ ಸೋಮಾರನೂ ಅದನ್ನೇ ಮಾಡಿದ್ರಿ. ಗಾರಿ ಬೇಕು ಅಂತ ಒಂದು ಮಾತು ಅಂದಿದ್ರ ನಿನ್ನಿ ದೀಪ ಹಚ್ಚೋ ತನಕ ಎತ್ತು ಹೊಡೀತಿದ್ನಿ."

ಆ ದಡದಲ್ಲಿ ಲೋಕಪ್ಪ ಕಾಣಿಸಿಕೊಂಡ. ಹಿಂದೆ ಜನ ಬೆರಳೆಣಿಕೆಯಷ್ಟು. ಗಾರೆ ಹೊರುವ ಹೆಂಗಸರ ಮುಂದಾಳು ಹುಲಿಗೆಮ್ಮ ಮಾತ್ರ ಬುಟ್ಟಿ ಹಿಡಿದು ಬಂದಿದ್ದಳು. "ನೋಡಾನ ಅಂದ್ಯಲ್ಲ ಮಾರಾಯ, ಹಂಗಾರೆ ನಾಳೆ ಎಂತದೂ ಇಲ್ಲ ಅಂತ ಎಲ್ಲರನ್ನೂ ಮದುವೆಗೆ ಕಳಿಸ್ದೆ" ಎಂದು ಲೋಕಪ್ಪ ಅಲ್ಲಿಂದಲೇ ಕೂಗಿದ. ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು. ಹಳ್ಳದ ನೀರು ಕೆಂಪಗಾಗಿತ್ತು. ಒಣಗಿದ ಎಲೆ, ನೊರೆ, ಕಡ್ಡಿ ಹೊತ್ತುಕೊಂಡು ಬಂದು ಅಚ್ಚಿನ ಕಂಬಗಳ ಬುಡ ಮೂಸುತ್ತಿತ್ತು. ಮೇಲೆ ಎಲ್ಲೋ ಆಗಲೇ ಮಳೆ ಬಿದ್ದಿತ್ತು.

ಓವರ್ಸಿಯರ್ ಬಂದು ಸೈಕಲ್ ಒರಗಿಸುವುದರೊಳಗೆ ಎಲ್ಲ ಅರ್ಥವಾಯಿತು. "ಎತ್ತು ಇಲ್ಲೇ ಇವೆಯಲ್ಲ, ಕಟ್ಟಿ" ಅಂದರು.

ಪರಮಶಿವಪ್ಪ ಎತ್ತಿನ ಮೈ ಮೇಲೆ ಕೈಯಿಟ್ಟ. "ಇವತ್ತು ಆಗಂಗಿಲ್ಲ ಸಾಹೇಬ್ರ. ಬಸವಣ್ಣನ ವಾರ."

"ಸೋಮವಾರ ಎತ್ತು ಕಟ್ಟುವುದಿಲ್ಲ ಅಂತ ನನಗೆ ಯಾರೂ ಮೊದಲೇ ಹೇಳಲಿಲ್ಲವಲ್ಲ!"

"ಇದನ್ನೂ ಹೇಳ್ತಾರೇನ್ರಿ ಸಾಹೇಬ್ರ? ಬೆಳಗಾದ್ರ ಸೂರ್ಯ ಮೂಡ್ತಾನ ಅಂತ ಯಾರಾರ ಹೇಳಿ ಕಳಸ್ತಾರ?"

ಓವರ್ಸಿಯರ್ ಸಿಟ್ಟಾಗುವುದರಲ್ಲಿದ್ದವರು ಸಿಟ್ಟು ನುಂಗಿಕೊಂಡರು. "ನಾನೂ ಕೇಳಲಿಲ್ಲ. ಸೋಮವಾರ ಗಾಣ ಯಾಕೆ ನಿಲ್ಲುತ್ತೆ ಅಂತ ಒಂದು ದಿನ ಕೇಳಿದ್ದರೆ ಆಗಿತ್ತು" ಎಂದು ಹಣೆ ಒರೆಸಿಕೊಂಡರು.

ಎಲ್ಲರೂ ಉಚ್ಚಂಗಪ್ಪನ ಮುಖ ನೋಡುತ್ತಿದ್ದರು. ಅವನು ಕಮಾನನ್ನು ನೋಡುತ್ತಿದ್ದ. ಉಳಿದದ್ದು ಎಷ್ಟು ಕಲ್ಲು, ಯಾವುದು ಮೊದಲು, ಯಾವುದು ಆಮೇಲೆ, ಗಾರೆ ಎಷ್ಟು ತೆಳ್ಳಗಿರಬೇಕು, ಎಲ್ಲಿಗೆ ಎಷ್ಟು ಬುಟ್ಟಿ, ಎಲ್ಲ ಅವನೊಬ್ಬನ ತಲೆಯೊಳಗಿತ್ತು. ಹೊರಗೆ ಬರಬೇಕಾದರೆ ಬಾಯಿ ತೆರೆಯಬೇಕು. ಬಾಯಿ ತೆರೆಯಬೇಕೆಂದಾಗ ಬಾವಿಯ ಕಟ್ಟೆ ಕಣ್ಣಿಗೆ ಬಂತು, ಅಪ್ಪನ ಮಣಿಕಟ್ಟು ಬಂತು. ಈ ಕಮಾನೂ ಹೋದರೆ ಇನ್ನೊಂದು ಕಮಾನನ್ನು ಯಾರೂ ಕೊಡುವುದಿಲ್ಲ. ಕೊಟ್ಟರೂ ಮುಟ್ಟುವ ಧೈರ್ಯ ತನಗೆ ಉಳಿಯುವುದಿಲ್ಲ.

ಬಂಗಾರಮ್ಮ ಹತ್ತಿರ ಬಂದಳು. ಬೈಯಲಿಲ್ಲ. ಅವನಿಗೆ ಮಾತ್ರ ಕೇಳುವ ಹಾಗೆ ಅಂದಳು.

"ನೀವು ಸುಮ್ಕಿದ್ರ ಆ ಹಳ್ಳನೂ ಸುಮ್ಕಿರ್ತೈತೇನ್ರಿ?"

ಉಚ್ಚಂಗಪ್ಪ ಕೈಯಲ್ಲಿದ್ದ ಎಲೆ ಕೆಳಗೆ ಹಾಕಿದ. "ಇವತ್ತು..." ಎಂದು ನಿಲ್ಲಿಸಿದ. ಎಲ್ಲರೂ ಕತ್ತು ಮುಂದೆ ಚಾಚಿದರು. "ಇವತ್ತು ಸೇರಿಸ್ಬೇಕು."

ಅಂದವನೇ ಕಮಾನಿನ ಕಡೆ ನೋಡಿದ. ಕಮಾನು ಇದ್ದ ಹಾಗೇ ಇತ್ತು. ಒಂದು ಕಾಗೆ ಅದರ ಮೇಲೆ ಕೂತು ಕೊಕ್ಕು ತಿಕ್ಕುತ್ತಿತ್ತು.

ಆಮೇಲೆ ಮಾತು ಒಂದೊಂದಾಗಿ ಬಂತು, ಹಳೇ ಬಾವಿಯ ಗಡಗಡೆ ತಿರುಗಿದ ಹಾಗೆ. ನಮ್ಮ ಕಡೆ ಮೂರು ಸಾಲು ಉಳಿದೈತಿ, ನಿಮ್ಮ ಕಡೆನೂ ಮೂರು. ಒಂದು ಇಲ್ಲಿ ಕೂತ ಮ್ಯಾಲೆ ಒಂದು ಅಲ್ಲಿ. ಯಾರೂ ಮುಂದ ಹೋಗಬಾರದು, ಅಚ್ಚು ವಾಲ್ತೈತಿ. ಗಾಣದ ತುಂಬ ಒಂದು ಸಲ ಅರದ್ರ ಸಾಕು, ಎರಡು ಸಲ ಬ್ಯಾಡ. ಇಟ್ಟಿಗಿ ಪುಡಿ ಸ್ವಲ್ಪ ಹೆಚ್ಚಿಗಿ ಬೀಳಲಿ, ಬಿರೀನ ಹಿಡೀಬೇಕು. ಲೋಕಪ್ಪ ಪ್ರತಿ ಮಾತನ್ನೂ ಆ ದಡದವರಿಗೆ ದೊಡ್ಡ ದನಿಯಲ್ಲಿ ತಿರುಗಿ ಹೇಳಿದ. ಹೇಳುತ್ತ ಹೇಳುತ್ತ ಮೂರನೇ ಸಾಲಿಗೆ ಬಂದಾಗ ನಾಲಿಗೆ ಕಚ್ಚಿಕೊಂಡ.

"ತಡಿ ಉಚ್ಚಂಗಣ್ಣ. ನಮ್ಮ ಮೇಲಿನ ಸಾಲಿನ ಎರಡು ಕಲ್ಲು ಇನ್ನೂ ಕೂರಲ್ಲ. ಹಿಂಭಾಗ ದಪ್ಪ ಐತೆ. ಇವತ್ತು ಕೆತ್ತಿಕೊಂಡ್ರಾತು ಅಂತ ಬಿಟ್ಟಿದ್ದೆ."

"ಮೊದಲೇ ಹೇಳಬಾರದೇನೋ!" ಎಂದು ಉಚ್ಚಂಗಪ್ಪ ಜೋರಾಗಿ ಅಂದ.

ಹುಲಿಗೆಮ್ಮ ಮೊದಲು ನಕ್ಕಳು. "ಕೇಳಿದ್ರೇನೆ? ಮೊದಲೇ ಹೇಳಬಾರದೇನೋ ಅಂತೆ! ಯಾರು ಹೇಳ್ತಿರೋದು ನೋಡು!" ಬಂಗಾರಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಪರಮಶಿವಪ್ಪ ಎತ್ತಿನ ಬೆನ್ನಿಗೆ ಮುಖ ಒರಗಿಸಿ ನಕ್ಕ. ಉಚ್ಚಂಗಪ್ಪನಿಗೂ ತಡೆಯಲಾಗಲಿಲ್ಲ. ಹೊರಟ ಮಾತಿಗೆ ಆ ನಗುವಿನಿಂದಲೇ ದಾರಿ ಸಲೀಸಾಯಿತು.

"ಕಲ್ಲು ಈಗ್ಲೇ ಹಿಡಿ ಲೋಕಪ್ಪ. ಕೆಳಗಿನ ಸಾಲು ನಿಮ್ಮೋರು ಕೂರಿಸ್ಲಿ. ಸುಣ್ಣ ಎಲ್ಲೈತಿ?"

"ನಮ್ಮ ದಡದ ಗುಂಡೀಲಿ ನೆನೆಸಿದ್ದು ಐತಲ್ಲ, ಮೊನ್ನೇನೇ ನೆನೆಸಿದ್ದು. ನಿಮಗೆ ಗೊತ್ತಿಲ್ಲೇನು?" ಎಂದಳು ಹುಲಿಗೆಮ್ಮ. ಉಚ್ಚಂಗಪ್ಪನಿಗೆ ಗೊತ್ತಿರಲಿಲ್ಲ. ಅವನು ಕೇಳಿದ್ದರೆ ತಾನೆ.

ಉಳಿದದ್ದು ಗಾಣ. ಪರಮಶಿವಪ್ಪ ಎತ್ತುಗಳನ್ನು ಹಲಸಿನ ಮರದ ಕೆಳಗೆ ಕಟ್ಟಿ ಹುಲ್ಲು ಹಾಕಿದ. ತಾನೇ ಹೋಗಿ ಗಾಣದ ಮರಕ್ಕೆ ಹೆಗಲು ಕೊಟ್ಟ. "ಬಸವಣ್ಣನ ಹೆಗಲಿಗೆ ಇಡಂಗಿಲ್ಲ. ಪರಮಶಿವನ ಹೆಗಲಿಗೆ ಇಟ್ರ ಯಾರ್ ಬ್ಯಾಡ ಅಂತಾರ, ಬರ್ರಿ." ಓವರ್ಸಿಯರ್ ಬೂಟು ಕಳಚಿ, ಷರಾಯಿ ಮಡಚಿ, ಪಕ್ಕದಲ್ಲಿ ನಿಂತರು. ಇಬ್ಬರು ಆಳುಗಳು ಹಿಂದೆ ಹಿಡಿದರು. ಚಕ್ರ ಮೊದಲು ಕದಲಲಿಲ್ಲ, ಆಮೇಲೆ ನರಳಿ ಉರುಳಿತು.

"ಪರಮಶಿವಣ್ಣ, ಹೊಸ ಎತ್ತು ಹೆಂಗೈತೆ?" ಎಂದು ಹಳ್ಳ ದಾಟಿ ಸುಣ್ಣದ ಬುಟ್ಟಿ ತಂದ ಹುಲಿಗೆಮ್ಮ ಕೇಳಿದಳು.

"ಬಣ್ಣ ಚಲೋ ಐತವ್ವ, ಹೆಗಲು ಇನ್ನೂ ಎಳೇದು."

"ಸಂಬಳ ಕೊಡೋ ಎತ್ತು ಕಣಮ್ಮ, ಸ್ವಲ್ಪ ಮರ್ಯಾದೆ ಕೊಡಿ" ಎಂದು ಓವರ್ಸಿಯರ್ ಏದುಸಿರು ಬಿಡುತ್ತ ಅಂದರು. ಮರದ ಕೆಳಗಿನ ಜೋಡೆತ್ತು ಮೆಲುಕು ಹಾಕುತ್ತ, ತಮ್ಮ ಕೆಲಸವನ್ನು ಇವರು ಹೇಗೆ ಮಾಡುತ್ತಾರೆಂದು ನೋಡುತ್ತಿದ್ದವು.

ಗಾರೆ ಸಿದ್ಧವಾಗುವಾಗ ಹೊತ್ತು ನೆತ್ತಿಗೆ ಬಂದಿತ್ತು. ಆದರೆ ಬಿಸಿಲಿರಲಿಲ್ಲ. ಉಚ್ಚಂಗಪ್ಪ ಅಚ್ಚಿನ ಮೇಲೆ ಹತ್ತಿ ನಿಂತ. ಅವತ್ತು ಅವನು ಕೊಕ್ಕರೆಯ ಹಾಗೆ ಕತ್ತು ಎತ್ತಲಿಲ್ಲ. ಪ್ರತಿ ಕಲ್ಲಿಗೂ ಬಾಯಿ ಬಿಟ್ಟು ಕೂಗಿದ. "ನಮ್ಮದು ಕೂತು! ನಿಮ್ಮದು ಬರಲಿ!" ಆ ಕಡೆಯಿಂದ "ನಮ್ಮದೂ ಕೂತು!" ಎಂದು ಬರುವವರೆಗೆ ಮುಂದಿನ ಕಲ್ಲು ಮುಟ್ಟಲಿಲ್ಲ. ಬಂಗಾರಮ್ಮ, ಹುಲಿಗೆಮ್ಮ, ಮೂಡಣ ದಡದ ಹೆಂಗಸರು ಎರಡು ಸಾಲಾಗಿ ನಿಂತು ಬುಟ್ಟಿ ಕೈಯಿಂದ ಕೈಗೆ ದಾಟಿಸಿದರು. ಕೆಳಗೆ ಹಳ್ಳದಲ್ಲಿ ಇಬ್ಬರನ್ನು ನಿಲ್ಲಿಸಿ, ಕಂಬ ಅಲ್ಲಾಡಿದರೆ ಕೂಗಬೇಕು ಎಂದು ಓವರ್ಸಿಯರ್ ಹೇಳಿದ್ದರು. ಅವರು ಆಗಾಗ "ನೀರು ಮೊಣಕಾಲಿಗೆ ಬಂತು!" "ಮಧ್ಯದ ಕಂಬ ನಡುಗ್ತೈತಿ!" ಅನ್ನುತ್ತಿದ್ದರು. ಕೇಳಿದಾಗಲೆಲ್ಲ ಉಚ್ಚಂಗಪ್ಪ ಕಾಲು ತೆಗೆದು ಬೇರೆ ಕಡೆ ಇಡುತ್ತಿದ್ದ. ಕೇಳದೆ ಇರುವುದಕ್ಕಿಂತ ಕೇಳುವುದು ವಾಸಿ ಎಂದು ಅವತ್ತು ಅವನಿಗೆ ಅನ್ನಿಸಿತು. ಯಾವ ಕಂಬದ ಮೇಲೆ ಕಾಲಿಡಬಾರದೆಂದಾದರೂ ತಿಳಿಯುತ್ತಿತ್ತು.

ಲೋಕಪ್ಪ ಎರಡು ಕಲ್ಲಿನ ಹಿಂಭಾಗ ತೆಳ್ಳಗೆ ಮಾಡಿ ಕೊಟ್ಟ. ಕೊನೆಯ ಸಾಲು ಕೂತಿತು. ನಡುಗಲ್ಲಿಗೆ ನೀರು ಹೊಯ್ದು, ಹಗ್ಗ ಕಟ್ಟಿ ಎಳೆದು ತಂದು ನೆತ್ತಿಯಲ್ಲಿ ಉಳಿದ ಸಂದಿನ ಬಾಯಿಗೆ ಇಟ್ಟರು. ಉಚ್ಚಂಗಪ್ಪ ಮರದ ಕೊಡತಿ ಕೈಗೆ ತೆಗೆದುಕೊಂಡ. ಆಗ ಎಲ್ಲರೂ ಸುಮ್ಮನಾದರು. ಆ ಗಳಿಗೆಯಲ್ಲಿ ಯಾರೂ ಉಸಿರೆತ್ತಬಾರದೆಂಬುದು ಅವರ ಹಳೆಯ ಪದ್ಧತಿ. ಉಚ್ಚಂಗಪ್ಪ ಸುತ್ತ ನೋಡಿ, "ಈಗ ಹೊಡೀತೀನಿ. ಮೂರು ಪೆಟ್ಟು. ಕೆಳಗಿದ್ದೋರು ದಡ ಹತ್ರಿ" ಅಂದ. ಕೆಳಗಿನವರು ಹತ್ತಿದರು. ಹೊಡೆದ. ಮೂರನೇ ಪೆಟ್ಟಿಗೆ ಸದ್ದು ಬೇರೆಯಾಯಿತು. ಅಷ್ಟು ಹೊತ್ತು ಮರದ ಸದ್ದು ಬರುತ್ತಿದ್ದದ್ದು ಕಲ್ಲಿನ ಸದ್ದು ಬಂತು. ಭಾರ ಅಚ್ಚಿನ ಮೇಲಿಂದ ಕಲ್ಲಿನ ಮೇಲೆ ಹೋದದ್ದು ಕಾಲಿನ ಅಡಿಯಲ್ಲಿ ಅವನಿಗೆ ತಿಳಿಯಿತು.

ಕಾಯಿ ಒಡೆಯೋಣವೆಂದರೆ ಕಾಯಿ ಇರಲಿಲ್ಲ. ಇವತ್ತು ಸೇರಿಸುವುದೆಂದು ಯಾರಿಗೆ ಗೊತ್ತಿತ್ತು? ಬಂಗಾರಮ್ಮ ಗುಡಿಸಿಲಿನಿಂದ ಬೆಲ್ಲದ ಚೂರು ತಂದು ಎರಡೂ ದಡದವರಿಗೆ ಹಂಚಿದಳು. ಬೆಲ್ಲ ಬಾಯಲ್ಲಿರುವಾಗಲೇ ಮಳೆ ಸುರಿಯಿತು.

ಸಂಜೆಯೊಳಗೆ ಹಳ್ಳ ತುಂಬಿ ಬಂತು. ಕಂಬಗಳು ಒಂದೊಂದಾಗಿ ಕಿತ್ತು, ಹಲಗೆಗಳು ತಿರುಗುತ್ತ ಹೋದವು. ಎಲ್ಲರೂ ಗೋಣಿಯ ಕೊಪ್ಪೆ ಹಾಕಿಕೊಂಡು ದಡದ ಮೇಲೆ ನಿಂತು ನೋಡಿದರು. ಕೊನೆಯ ಹಲಗೆ ಜಾರಿದಾಗ ಉಚ್ಚಂಗಪ್ಪ ಕಣ್ಣು ಮುಚ್ಚಿದ. ತೆರೆದಾಗ ಕಮಾನು ನಿಂತಿತ್ತು. ಅದರ ಕೆಳಗೆ ಕೆಂಪು ನೀರು ದಾರಿ ಸಿಕ್ಕಿದ ದನದ ಹಿಂಡಿನ ಹಾಗೆ ನುಗ್ಗಿ ಹೋಗುತ್ತಿತ್ತು. ಬಂಗಾರಮ್ಮ ಪಕ್ಕದಲ್ಲಿ ನಿಂತಿದ್ದಳು. ಅವನು ಒದ್ದೆ ಮುಖ ಒರೆಸಿಕೊಂಡು, "ಅಪ್ಪ ನೋಡಬೇಕಿತ್ತು" ಅಂದ. ಅವಳು ಹೂಂಗುಟ್ಟಿದಳು. ಅವನಾಗಿಯೇ ಅಷ್ಟು ಹೇಳಿದ್ದು ಅವಳಿಗೆ ಬೆಲ್ಲಕ್ಕಿಂತ ಹೆಚ್ಚಾಗಿತ್ತು.

ಎಮ್ಮೆಹಳ್ಳದ ಮೇಲೆ ಗಾಡಿ ಓಡಾಡತೊಡಗಿದ ಮೇಲೆ ಉಚ್ಚಂಗಪ್ಪನಿಗೆ ಕಮಾನಿನ ಮೇಸ್ತ್ರಿ ಎಂಬ ಹೆಸರು ಬಂತು. ಮಾತುಗಾರನಾದ ಎಂದಲ್ಲ. ಮನೆಯಲ್ಲಿ ಚಟಾಕು ಇದ್ದದ್ದು ಪಾವಾಯಿತು, ಅಷ್ಟೇ. ಆದರೆ ಕೆಲಸದ ಜಾಗದಲ್ಲಿ ಬೆಳಿಗ್ಗೆ ಎಲ್ಲರನ್ನೂ ಗಾಣದ ಸುತ್ತ ನಿಲ್ಲಿಸಿ, ಇವತ್ತಿನದು ಇಷ್ಟು, ನಾಳೆಯದು ಇಷ್ಟು ಎಂದು ಹೇಳುವುದನ್ನು ರೂಢಿ ಮಾಡಿಕೊಂಡ. ಹೇಳಿ ಮುಗಿಸಿ, "ನೀ ಏನು ಮಾಡ್ತೀ ಹೇಳು ನೋಡಾನ" ಎಂದು ಒಬ್ಬೊಬ್ಬರ ಬಾಯಿಂದಲೂ ತಿರುಗಿ ಹೇಳಿಸುತ್ತಿದ್ದ. ನಾಳೆಯ ಮಾತು ಬಂದಾಗ ಮಾತ್ರ ಹಳ್ಳಕ್ಕಿಳಿಯುವವನ ಹಾಗೆ ಒಂದು ಸಲ ಉಸಿರು ಎಳೆದುಕೊಂಡು ಹೇಳುತ್ತಿದ್ದ. ಆ ಭಯ ಅವನನ್ನು ಬಿಟ್ಟು ಹೋಗಲಿಲ್ಲ. ಅದನ್ನು ಇಟ್ಟುಕೊಂಡೇ ಹೇಳುವುದನ್ನು ಕಲಿತ.

ಮರುವರ್ಷ ಅದೇ ಓವರ್ಸಿಯರ್ ಸೊರಬದ ಕಡೆಯ ಇನ್ನೊಂದು ಹಳ್ಳಕ್ಕೆ ಅವನನ್ನು ಕರೆಸಿದರು. ಲೋಕಪ್ಪನೂ ಬಂದ, ಹುಲಿಗೆಮ್ಮ ತನ್ನ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಪರಮಶಿವಪ್ಪನ ಎತ್ತುಗಳೂ ಬಂದವು. ಕಮಾನು ಮುಕ್ಕಾಲು ಏರಿತ್ತು. ಒಂದು ಬೆಳಿಗ್ಗೆ ಉಚ್ಚಂಗಪ್ಪ ಎಲ್ಲರನ್ನೂ ನಿಲ್ಲಿಸಿಕೊಂಡು, ಗಂಟಲು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಅಂದ.

"ಬರೋ ಮಂಗಳವಾರ ಸೇರಿಸ್ತೀನಿ. ಸೋಮಾರ ಎತ್ತಿಲ್ಲ, ಭಾನುವಾರ ಅರದು ಇಟ್ರ ಮಂಗಳವಾರದ ತನಕ ತಡಿಯಂಗಿಲ್ಲ. ಮಂಗಳವಾರ ಬೆಳಿಗ್ಗಿ ಹೊಸಾ ಗಾರಿ. ಎಲ್ಲಾರಿಗೂ ತಿಳೀತೇನು?"

ಓವರ್ಸಿಯರ್ ತಲೆಯಾಡಿಸಿದರು. ಪರಮಶಿವಪ್ಪ "ಆತು" ಅಂದ. ಹುಲಿಗೆಮ್ಮ ಮಾತ್ರ ಬುಟ್ಟಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಎಂತ ತಿಳಿಯೋದು? ಮಂಗಳವಾರ ನಮ್ಮೂರಿಗೆ ಹೊರಬೀಡು. ಊರಿಗೆ ಊರೇ ಮನೆ ಬಾಗಿಲು ಹಾಕ್ಕೊಂಡು ಕಾಡಂಚಿಗೆ ಹೋಗಿ ಅಡುಗೆ ಮಾಡ್ಕೋಬೇಕು. ಹೊತ್ತು ಇಳಿಯೋ ತನಕ ಯಾರೂ ಕೆಲಸ ಮುಟ್ಟಂಗಿಲ್ಲ. ನಿಮ್ಮ ಗಾರೆ ಹೊರೋದು ಯಾರು, ಆ ಎತ್ತಾ?"

ಲೋಕಪ್ಪ ತಲೆ ಚಚ್ಚಿಕೊಂಡ. ಅವನಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿರುತ್ತದೆಂದು ಹೇಳಿರಲಿಲ್ಲ. ಓವರ್ಸಿಯರ್ ನಗು ತಡೆಯಲಾರದೆ ಸೈಕಲ್ ಕಡೆ ತಿರುಗಿದರು.

ಉಚ್ಚಂಗಪ್ಪ ಕಮಾನಿನ ಕಡೆ ಒಮ್ಮೆ ನೋಡಿದ. ಆಮೇಲೆ ಹುಲಿಗೆಮ್ಮನ ಕಡೆ ನೋಡಿದ.

"ಚಲೋ ಆತು ಹೇಳಿದ್ದು" ಅಂದ. "ಹಂಗಾರ ಬುಧವಾರ. ಬುಧವಾರ ಯಾರಿಗಾರ ಏನಾರ ಐತೇನು? ಇದ್ರ ಈಗ್ಲೇ ಹೇಳ್ರಿ."